ಮರಳು ನೆಲದ ತರಕಾರಿಗಳೂ ಕಬ್ಬಿಣದ ಅಂಶವೂ

ರಾಜಸ್ಥಾನದ ಪಶ್ಚಿಮಕ್ಕಿರುವ ಜೋಧಪುರ, ಬಿಕಾನೇರ, ಜೈಸಲ್ಮೇರ ಜಿಲ್ಲೆಗಳಲ್ಲಿ ಥಾರ್ ಮರುಭೂಮಿಯು ಹಬ್ಬಿರುವುದು. ಅಲ್ಲಿಯ ಮರಳು ನೆಲದಲ್ಲಿ ನೀರು ಹಾಯಿಸಿ ತರಕಾರಿ ಬೆಳೆದಾಗ, ಎಳೆಯ ಎಲೆಗಳ ನರಗಳು ಹಸುರಾಗಿಯೇ ಇದ್ದು, ನರಗಳ ನಡುವಿನ ಭಾಗವು ಹಳದಿಯಾಗುವುದುಂಟು. ಇದು ಗಿಡಕ್ಕೆ ಕಬ್ಬಿಣವು ಸಾಲದೆಂಬುದರ ಗುರುತು. ಆದರೆ ಮರಳಿನಲ್ಲಿ ಕಬ್ಬಿಣವೇ ಇಲ್ಲವೆಂದು ತಿಳಿಯುವುದು ಸರಿಯಲ್ಲ.

ಒಂದು ಎಕರೆಯಲ್ಲಿ ನೇಗಿಲು ತಾಕುವಷ್ಟು ಮೇಲ್ಮಣ್ಣಿನ ತೂಕವು ಸುಮಾರು 900 ಟನ್. ಅದರಲ್ಲಿ ಕಬ್ಬಿಣವು ನೂರಕ್ಕೆ 1 ಪಾಲೆಂದು ಹಿಡಿದರೂ 9 ಟನ್ ಆಗುವುದು. 100 ಗ್ರಾಂ ಪಾಲಕ್ ಸೊಪ್ಪಿನಲ್ಲಿರುವ ಕಬ್ಬಿಣವು ಸುಮಾರು 3 ಮಿಲಿಗ್ರಾಂ. ಈ ಲೆಕ್ಕದಂತೆ 10 ಟನ್ ಸೊಪ್ಪು ಭೂಮಿಯಿಂದ ತೆಗೆಯುವುದು 300 ಗ್ರಾಂ ಮಾತ್ರ.

ಹಾಗಾದರೆ ಕೊರತೆಯೇಕೆ? ಮರುಭೂಮಿಯ ಮಣ್ಣು ಸುಣ್ಣ ಬೆರೆತು ಕ್ಷಾರವಾಗಿರುವುದು. ಅದರ ರಸಸಾರವು ಸಾಮಾನ್ಯವಾಗಿ 8ಕ್ಕೆ ಮೇಲ್ಪಟ್ಟಿರುವುದು. ರಸಸಾರವು ಒಂದು ಅಂಶ ಏರಿದರೆ ಕಬ್ಬಿಣವು ನೀರಿನಲ್ಲಿ ಕರಗುವ ಶಕ್ತಿಯು ಸಾವಿರದಲ್ಲೊಂದು ಪಾಲಿಗೆ ಇಳಿಯುವುದು. ಬೇರುಗಳು ಹುಳಿಯನ್ನು ಒಸರಿ ಕಬ್ಬಿಣವನ್ನು ಕರಗಿಸಿಕೊಳ್ಳುವುವು. ಸುಣ್ಣವು ಆ ಹುಳಿಯನ್ನು ಅಡಗಿಸುವುದು.

ಆದುದರಿಂದ ಇಂತಹ ನೆಲಕ್ಕೆ ಅನ್ನಭೇದಿಯನ್ನು ಬರಿದೆ ಎರಚಿದರೆ ಅದೂ ಬೇಗನೆ ಕರಗದ ರೂಪಕ್ಕೆ ತಿರುಗಿ, ಹಣವು ವ್ಯರ್ಥವಾಗುವುದು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಹಾಕುವುದೇ ಮೊದಲ ಉಪಾಯ. ಎಲೆ ಹಳದಿಯಾದಲ್ಲಿ 10 ಲೀಟರು ನೀರಿಗೆ 50 ಗ್ರಾಂ ಅನ್ನಭೇದಿಯನ್ನೂ 10 ಗ್ರಾಂ ನಿಂಬೆ ಉಪ್ಪನ್ನೂ ಕರಗಿಸಿ, ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸತಕ್ಕದ್ದು. ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಸಿಂಪಡಿಸಿದರೆ ಹೊಸ ಎಲೆಗಳು ಹಸುರಾಗುವುವು.

ಮರುಭೂಮಿಯ ಸೊಪ್ಪನ್ನು ಪರೀಕ್ಷೆಗೆ ಕಳುಹಿಸುವಾಗ ಚೆನ್ನಾಗಿ ತೊಳೆಯದಿದ್ದರೆ, ಎಲೆಗಂಟಿದ ಧೂಳಿನ ಕಬ್ಬಿಣವೂ ಲೆಕ್ಕಕ್ಕೆ ಸೇರಿ, ಇಲ್ಲದ ಸಮೃದ್ಧಿಯು ತೋರುವುದು.

ಸೊಪ್ಪಿನಲ್ಲಿ ಕಬ್ಬಿಣವಿದ್ದ ಮಾತ್ರಕ್ಕೆ ಅದೆಲ್ಲವೂ ಶರೀರಕ್ಕೆ ಸೇರದು. ಸೇರುವುದು ಅಲ್ಪ ಭಾಗವೇ. ಊಟದೊಡನೆ ನಿಂಬೆಹಣ್ಣಿನ ರಸವನ್ನೋ ನೆಲ್ಲಿಕಾಯಿಯನ್ನೋ ಸೇವಿಸಿದರೆ ಆ ಭಾಗವು ಹೆಚ್ಚುವುದು. ಊಟದೊಡನೆ ಚಹಾ ಕುಡಿದರೆ ತಗ್ಗುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯು ಕಂಡುಬಂದಿರುವುದರಿಂದ ಇದು ಅಲ್ಪ ವಿಷಯವಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ಸುಣ್ಣ ಬೆರೆತ ಎರೆ ಭೂಮಿಯಲ್ಲಿಯೂ ಇದೇ ಕಾರಣದಿಂದ ಪೈರು ಹಳದಿಯಾಗುವುದುಂಟು. ಆ ಪ್ರಾಂತದ ಗ್ರಾಮದ ಹಿರಿಯರೂ ಜಮೀನುದಾರರೂ ಗೊಬ್ಬರ ಕೊಳ್ಳುವ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸಿ, ತಮ್ಮ ತೋಟದ ಒಂದು ಮಡಿಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರೆ, ನೆರೆಯ ರೈತರು ಕಣ್ಣಾರೆ ಕಂಡು ಅನುಸರಿಸುವರು.