ಹೊನ್ನಮ್ಮನ ಕೆರೆಯ ವಯಸ್ಸು ಕೇಳುವವರಿಗೆ

ಕೊಡಗಿನ ಕೆರೆ ಅಂದ ಕೂಡಲೇ ನೆನಪಾಗುವುದು ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ. ಗೌರಿ ಹಬ್ಬದಲ್ಲಿ ಹೆಣ್ಣುಮಕ್ಕಳು ಇಲ್ಲಿಗೆ ಬಂದು ಬಾಗಿನ ಅರ್ಪಿಸುತ್ತಾರೆ. ಕಥೆ ನಿಮಗೆ ಗೊತ್ತಿರಬಹುದು. ಕೆರೆ ತೋಡಿಸಿದರೂ ನೀರು ಬೀಳಲಿಲ್ಲ, ಕೊನೆಗೆ ಮನೆಯ ಸೊಸೆ ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳು, ಆಮೇಲೆ ಕೆರೆ ತುಂಬಿತು. 'ಕೆರೆಗೆ ಹಾರ' ಲಾವಣಿಯ ಕಲ್ಲನಕೇರಿಯಲ್ಲಿ ಭಾಗೀರಥಿಗೆ ಆಗಿದ್ದೂ ಇದೇ.

ಕಥೆಗೆ ಇಸವಿ ಇರುವುದಿಲ್ಲ. ಹಾಗಾಗಿ 'ಈ ಕೆರೆ ಎಷ್ಟು ಹಳೆಯದು ಸರ್?' ಅಂತ ಯಾರಾದರೂ ಕೇಳಿದಾಗ 'ಸಾವಿರ ವರ್ಷ, ಕೊಂಗಾಳ್ವರ ಕಾಲ' ಅಂದುಬಿಡುವುದು ಸುಲಭ. ಸುತ್ತಮುತ್ತ ಕೊಂಗಾಳ್ವರ ಕುರುಹುಗಳು ಇರುವುದೂ ನಿಜ. ಆದರೆ ನೆರೆಯೂರಿನ ಕಲ್ಲಿನ ಇಸವಿಯನ್ನು ತಂದು ಈ ಕೆರೆಗೆ ಅಂಟಿಸಲು ಬರುವುದಿಲ್ಲ. ಒಂದು ಕೆರೆಗೆ ಶಾಸನದ ಮೂಲಕ ವಯಸ್ಸು ಕಟ್ಟುವುದು ಹೇಗೆ, ಕೊಡಗಿನ ಕಲ್ಲುಗಳು ಇದರಲ್ಲಿ ಎಷ್ಟು ನೆರವಾಗುತ್ತವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮುಳ್ಳೂರಿಗೆ ಹೋಗೋಣ. ಶನಿವಾರಸಂತೆ ಹತ್ತಿರದ ಊರು. ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ ಅಂತ ಮೂರು ಬಸದಿಗಳಿವೆ. 11ನೇ ಶತಮಾನದ ನಡುಭಾಗದಲ್ಲಿ ಇಲ್ಲಿ ಗುಣಸೇನ ಪಂಡಿತ ಅನ್ನುವ ಜೈನ ಗುರು ಇದ್ದರು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಗೆ ಅವರೇ ಗುರು. ತಂದೆ ಕಟ್ಟಿಸಿದ ಬಸದಿಗೆ ರಾಜೇಂದ್ರ ಕೊಂಗಾಳ್ವ 1058ರಲ್ಲಿ ದತ್ತಿ ಬಿಟ್ಟ ಶಾಸನವಿದೆ. ಸಾಮಾನ್ಯವಾಗಿ ಎಲ್ಲರೂ ಬರೆಯುವುದು ಇದರ ಬಗ್ಗೆ.

ನನಗೆ ಇಷ್ಟವಾದದ್ದು ಮುಳ್ಳೂರಿನದೇ ಇನ್ನೊಂದು ಪುಟ್ಟ ಶಾಸನ. ಗುಣಸೇನ ಪಂಡಿತರು ನಕರದ ಧರ್ಮವಾಗಿ ನಾಗಬಾವಿಯನ್ನು ತೋಡಿಸಿದರು, ಅಷ್ಟೇ ಅದರ ಸಾರ. 'ನಕರ' ಅಂದರೆ ವರ್ತಕರ ಸಂಘ. ಗುರುಗಳು ಮುಂದೆ ನಿಂತು ಮಾಡಿಸಿದ್ದು, ಪುಣ್ಯ ಸಂದದ್ದು ವರ್ತಕರಿಗೆ. ಹಾಗಾಗಿ ದುಡ್ಡು ಅವರದ್ದೇ ಇರಬೇಕು ಅಂತ ನನ್ನ ಊಹೆ. ಈಗ ಗದ್ದೆ, ತೋಟಗಳ ನಡುವಿನ ಹಳ್ಳಿಯಾಗಿ ಕಾಣುವ ಮುಳ್ಳೂರು ಆಗ ಸಂಘ ಕಟ್ಟಿಕೊಂಡ ವ್ಯಾಪಾರಿಗಳಿದ್ದ ಜಾಗ ಅನ್ನುವುದು ಈ ಬಾವಿಯ ಕಲ್ಲಿನಿಂದ ಗೊತ್ತಾಗುತ್ತೆ. ಅರಸರ ದೊಡ್ಡ ಶಾಸನಗಳಲ್ಲಿ ವಂಶಾವಳಿ, ಬಿರುದು ಸಿಗುತ್ತದೆಯೇ ಹೊರತು ಊರಿಗೆ ನೀರು ಯಾರು ಕೊಟ್ಟರು ಅನ್ನುವ ಇಂಥ ಸಂಗತಿ ಸಿಗುವುದು ಕಡಿಮೆ. ಹೊನ್ನಮ್ಮನ ಕೆರೆಯನ್ನು ಕೊಂಗಾಳ್ವರಿಗೆ ಒಪ್ಪಿಸುವವರು ಇದನ್ನೊಮ್ಮೆ ನೋಡಬೇಕು. ಕೊಂಗಾಳ್ವರ ಕಾಲದಲ್ಲೂ ನೀರಿನ ಕೆಲಸವೆಲ್ಲ ಅರಸರೇ ಮಾಡಿಸಿದ್ದಲ್ಲ.

ಕೊಂಗಾಳ್ವರು ಯಾರು ಅಂತ ಕೇಳುವ ಹೊಸಬರಿಗೆ ಎರಡೇ ಮಾತು. ಪಣಸೋಗೆಯ ಕಾಳಗದಲ್ಲಿ ಹಿಂದೆಗೆಯದೆ ಕಾದಿದ ಮನಿಜ ಅನ್ನುವವನಿಗೆ ಚೋಳ ರಾಜರಾಜನ ಅಪ್ಪಣೆಯಂತೆ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಅಂತ ಪಟ್ಟ ಕಟ್ಟಿ, ಮಾಳವ್ವಿ ಎಂಬ ಊರು ಕೊಟ್ಟರು. ಇದು 11ನೇ ಶತಮಾನದ ಆರಂಭ. ಆ ಮಾಳವ್ವಿಯೇ ಈಗಿನ ಮಾಲಂಬಿ. ಉತ್ತರ ಕೊಡಗು ಮತ್ತು ಹಾಸನದ ಅರಕಲಗೂಡು ಸೀಮೆ ಇವರ ಕೈಯಲ್ಲಿತ್ತು.

ಈಗ ಕೆರೆ ಹುಡುಕುವವರು ಎಡವುವ ಒಂದು ಪದ. ಇದಕ್ಕೆ ಕೊಂಗಾಳ್ವರಿಗಿಂತ ಹಿಂದೆ, ದಕ್ಷಿಣ ಕೊಡಗಿಗೆ ಹೋಗಬೇಕು. ಬಿಳಿಯೂರಿನ ಶಾಸನ ಗಂಗರ ಸತ್ಯವಾಕ್ಯ ಪೆರ್ಮಾನಡಿಯ 18ನೇ ಆಳ್ವಿಕೆ ವರ್ಷದ್ದು, ಶಕ 809ರ ಫಾಲ್ಗುಣ. 78 ಕೂಡಿದರೆ 887 ಬರುತ್ತೆ, ಆದರೆ ಫಾಲ್ಗುಣ ಬೀಳುವುದು ಜನವರಿ ಕಳೆದ ಮೇಲೆ, ಆದ್ದರಿಂದ ಪುಸ್ತಕಗಳಲ್ಲಿ 888 ಅಂತ ಇರುತ್ತದೆ. ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕೆಂದು ಸರ್ವಣಂದಿ ದೇವರಿಗೆ ಬಿಳಿಯೂರಿನ ಹನ್ನೆರಡು ಪಳ್ಳಿಗಳನ್ನು ಕೊಟ್ಟದ್ದು ಅದರ ವಿಷಯ. ಆ ಪ್ರದೇಶದ ಹೆಸರು ಅದರಲ್ಲಿ 'ಪೆದ್ದೊರೆಗರೆ' ಅಂತ ಬರುತ್ತೆ. ಸುಮಾರು ತೊಂಬತ್ತು ವರ್ಷ ಈಚಿನ ಪೆಗ್ಗೂರು ಶಾಸನದಲ್ಲಿ ಅದೇ 'ಬೆದ್ದೊರೆಗರೆ'. ಅದನ್ನು ಆಳುತ್ತಿದ್ದವನು ರಕ್ಕಸ ಗಂಗ.

'ಗರೆ' ಕಂಡ ಕೂಡಲೇ 'ದೊಡ್ಡ ಕೆರೆ' ಅಂತ ಓದಬೇಡಿ. ಪೆರ್ ಅಂದರೆ ಹಿರಿಯ, ತೊರೆ ಅಂದರೆ ಹೊಳೆ, ಕರೆ ಅಂದರೆ ದಡ. ಹಿರಿಯ ಹೊಳೆಯ ದಡದ ನಾಡು ಅದು. 'ಕರೆ' ಬೇರೆ, 'ಕೆರೆ' ಬೇರೆ. ಕಲ್ಲು ಸವೆದಿದ್ದರೆ ಎತ್ವದ ಗುರುತೇ ಕಾಣುವುದಿಲ್ಲ. ಆಗ ಅಕ್ಷರಕ್ಕಿಂತ ಸುತ್ತಲಿನ ಪದಗಳನ್ನೇ ನಂಬಬೇಕು.

ಬಿಳಿಯೂರಿನ ಕಲ್ಲಿನಲ್ಲಿ ನಮಗೆ ಬೇಕಾದ್ದು ಇನ್ನೊಂದಿದೆ. ದತ್ತಿಗೆ ಸಾಕ್ಷಿ ಯಾರು? ತೊಂಬತ್ತಾರು ಸಾಸಿರದವರು, ಐದು ಸಾಮಂತರು, ಬೆದ್ದೊರೆಗರೆಯ ಎಪ್ಪತ್ತು ಮಂದಿ, ಎಂಟು ಒಕ್ಕಲು. ಕಾಯುವವರಲ್ಲಿ ಮಲೆಪರು ಐನೂರ್ವರು, ಅಂದರೆ ಬೆಟ್ಟಸೀಮೆಯವರು. ಕೊಡವರು ಇವತ್ತಿಗೂ ಮನೆತನಕ್ಕೆ 'ಒಕ್ಕ' ಅನ್ನುತ್ತಾರಲ್ಲ, ಅದೇ ಬೇರಿನ ಪದ 888ರಲ್ಲೇ ಸಾಕ್ಷಿಯ ಜಾಗದಲ್ಲಿ ಕೂತಿದೆ. ಅರಸ ಕೊಟ್ಟರೂ ಉಳಿಸಿಕೊಳ್ಳುವ ಹೊಣೆ ಮಲೆಯ ಜನರದ್ದು.

ಇನ್ನು ಕೆರೆಯ ಶಾಸನ ಹೇಗಿರುತ್ತೆ? 'ಇಂಥವನು ಕೆರೆ ಕಟ್ಟಿಸಿದ' ಅಂತ ನೇರ ಹೇಳುವುದು ಒಂದು ಬಗೆ. ಅದರ ಜೊತೆ ಕಟ್ಟಿದವನಿಗೆ ಕೊಟ್ಟ 'ಕಟ್ಟುಗೊಡಗೆ', ಕೆರೆಯ ಕೆಲಸಕ್ಕೆ, ಉಸ್ತುವಾರಿಗೆ ಬಿಟ್ಟ 'ಬಿತ್ತುವಟ್ಟ', ಹೂಳು ತೆಗೆಯುವ ಬಂಡಿಯ ಏರ್ಪಾಡು, ಇವು ಬರಬಹುದು. ಈ ಜಾತಿಯಲ್ಲಿ ನನ್ನಂಥ ಇಂಜಿನಿಯರುಗಳಿಗೆ ಹಬ್ಬವಾಗುವಂಥದ್ದು ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳ ಶಾಸನ, ವಿಜಯನಗರದ ಭಾಸ್ಕರ ಭವದೂರನದ್ದು, 1369. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಇರಬಾರದ ಆರು ದೋಷ ಅಂತ ಪಟ್ಟಿಯನ್ನೇ ಕೊಡುತ್ತದೆ. ಎರಡು ಬದಿ ಬೆಟ್ಟ ಇರಬೇಕು, ನಡುವಿನ ಏರಿ ತೀರಾ ಉದ್ದವಿರದೆ ಗಟ್ಟಿಯಾಗಿರಬೇಕು. ಏರಿಯಲ್ಲಿ ನೀರು ಜಿನುಗಬಾರದು, ಕೆರೆಯಂಗಳದ ನಡುವೆ ದಿಬ್ಬ ಇರಬಾರದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಅಂತ ಲೆಕ್ಕವನ್ನೂ ಬರೆದಿದ್ದಾರೆ. ಇವತ್ತಿನ ಎಷ್ಟೋ ಕಾಮಗಾರಿ ಫಲಕಗಳಲ್ಲಿ ಇಷ್ಟು ಮಾಹಿತಿ ಇರುವುದಿಲ್ಲ!

ಎರಡನೇ ಬಗೆಯೇ ಹೆಚ್ಚು ಸಿಗುವುದು, ಹೆಚ್ಚು ಉಪಯೋಗವೂ ಅದೇ. ದೇವಸ್ಥಾನಕ್ಕೋ ಬಸದಿಗೋ ಗದ್ದೆ ಬಿಟ್ಟ ಶಾಸನ. ಗದ್ದೆ ಎಲ್ಲಿದೆ ಅಂತ ಹೇಳುವಾಗ 'ಹಿರಿಯ ಕೆರೆಯ ಮೊದಲೇರಿಯಲ್ಲಿ' ಅಂದಿರುತ್ತದೆ. ಮೊದಲೇರಿ ಅಂದರೆ ಏರಿಯ ಬುಡದಲ್ಲೇ, ತೂಬಿನ ನೀರು ಮೊದಲು ತಲುಪುವ ಗದ್ದೆ. ಕೆರೆ ಯಾವಾಗ ಕಟ್ಟಿದ್ದು ಅಂತ ಅದು ಹೇಳುವುದಿಲ್ಲ, ನಿಜ. ಆದರೆ ಆ ಇಸವಿಯ ಹೊತ್ತಿಗೆ ಕೆರೆ ಇತ್ತು, ತೂಬು ಇತ್ತು, ಕೆಳಗೆ ಗದ್ದೆ ಬೆಳೆಯುತ್ತಿತ್ತು ಅನ್ನುವುದು ಖಾತ್ರಿ. ಹೊನ್ನಮ್ಮನ ಕೆರೆಗೆ ವಯಸ್ಸು ಕಟ್ಟಬೇಕಾದರೆ ನಾನು ಹಿಡಿಯುವುದು ಇದೇ ದಾರಿ. ಕೆರೆ ದಡವನ್ನಷ್ಟೇ ನೋಡದೆ ಸುತ್ತಲಿನ ಊರುಗಳ ದತ್ತಿ ಶಾಸನಗಳಲ್ಲಿ ಗದ್ದೆಯ ಎಲ್ಲೆ ಹೇಳುವ ಸಾಲುಗಳನ್ನು ಓದಬೇಕು. ಓದುಗರು ಬೇಜಾರಾಗಿ ಬಿಟ್ಟುಬಿಡುವ ಸಾಲುಗಳೇ ಅವು.

ಇದಕ್ಕೆ ಪುಸ್ತಕ ಕೈಯಲ್ಲೇ ಇದೆ. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವೇ ಕೊಡಗಿನದು. ಬಿ. ಎಲ್. ರೈಸ್ 1886ರಲ್ಲಿ ತಂದರು, 1914ರಲ್ಲಿ ಪರಿಷ್ಕರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಲ್ಲಿ ಮತ್ತೆ ಪರಿಷ್ಕರಿಸಿ ಪ್ರಕಟಿಸಿತು. ಇಂಗ್ಲಿಷ್ ಅನುವಾದ ಓದಿ ನಿಲ್ಲಿಸಬೇಡಿ, ಕನ್ನಡ ಪಾಠವನ್ನೇ ಓದಿ. ಅನುವಾದದಲ್ಲಿ ಮೊದಲೇರಿ, ಬಿತ್ತುವಟ್ಟದಂಥ ಪದಗಳು ಬರೀ 'ಜಮೀನು' ಆಗಿಹೋಗಬಹುದು.

ಕೆರೆಯ ಹತ್ತಿರವೇ ಹುಡುಕುವುದಾದರೆ ಜಾಗಗಳು ಇವು: ತೂಬಿನ ಎರಡು ಕಂಬ ಮತ್ತು ಅಡ್ಡಗಲ್ಲು, ಕೋಡಿಯ ಪಕ್ಕದ ಬಂಡೆ, ಏರಿಯ ಎರಡು ತುದಿ, ದಡದ ಗುಡಿಯ ಮೆಟ್ಟಿಲು ಮತ್ತು ಹೊಸಿಲು. ತೂಬಿನ ಕಂಬ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಪೂರ್ತಿ ಕಾಣುತ್ತೆ. ಬಟ್ಟೆ ಒಗೆಯುವ ಕಲ್ಲನ್ನೂ ಮಗುಚಿ ನೋಡಬೇಕು, ಒಗೆಯುತ್ತಿರುವ ಅಮ್ಮನನ್ನು ಕೇಳಿಕೊಂಡು. ಅಕ್ಷರ ಕಂಡರೆ ಸೀಮೆಸುಣ್ಣ, ಮೈದಾ, ಕುಂಕುಮ ಯಾವುದನ್ನೂ ತುಂಬಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದು, ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ಮರೆಯಾದ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತೆ. ಪಕ್ಕದಲ್ಲಿ ಸ್ಕೇಲ್ ಇಡಿ.

ಹೂಳೆತ್ತುವ, ಏರಿ ಬಲಪಡಿಸುವ ಕೆಲಸ ಊರಿಗೆ ಬೇಕೇ ಬೇಕು, ಅದಕ್ಕೆ ಯಾರೂ ಅಡ್ಡ ಬರಬಾರದು. ತೊಂದರೆ ಆಗುವುದು ಹಳೇ ತೂಬು ಕಿತ್ತು ಕಾಂಕ್ರೀಟ್ ಕೂರಿಸುವ ದಿನ. ಆವತ್ತು ಜೆಸಿಬಿಯ ಬಾಯಿಗೆ ಬಂದ ಚಪ್ಪಡಿಗಳೆಲ್ಲ ಏರಿಯ ಒಳಮೈಗೆ ಕಲ್ಲುಕಟ್ಟಣೆಯಾಗಿ ಹೋಗುತ್ತವೆ, ಬರೆದ ಮುಖ ಮಣ್ಣಿನ ಕಡೆಗೆ. ಆಮೇಲೆ ಅದನ್ನು ಹುಡುಕುವುದು ಆಗದ ಮಾತು. ನಿಮ್ಮೂರ ಕೆರೆಗೆ ಕಾಮಗಾರಿ ಮಂಜೂರಾಗಿದೆ ಅಂತ ಗೊತ್ತಾದರೆ, ಕೆಲಸ ಶುರುವಾಗುವ ಮೊದಲೇ ಒಂದು ಭಾನುವಾರ ತೂಬು, ಕೋಡಿ, ಏರಿ ಮೂರನ್ನೂ ಸುತ್ತಿ ಫೋಟೋ ತೆಗೆದಿಡಿ. ಬರೆದ ಕಲ್ಲು ಸಿಕ್ಕರೆ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕಲ್ಲು ಯಾವ ಜಾಗದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಅನ್ನುವುದನ್ನು ಅದರಲ್ಲಿ ಬರೆಯಲು ಮರೆಯಬೇಡಿ. ಎಷ್ಟೋ ಸಲ ಎಲ್ಲೆಕಲ್ಲಿಗೆ ಅದೇ ಅರ್ಧ ಶಾಸನ.