ಮೊಬೈಲಿನ ಬೀಗ, ಮನಸ್ಸಿನ ಕಾವಲು



ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಆ ಮಕ್ಕಳ ಕೈಗೆ ಮೊಬೈಲ್ ಕೊಟ್ಟು, ಬಳಿಕ ಹೆದರಿ ಅದಕ್ಕೆ ಬೀಗ ಹಾಕಿದ್ದೇವೆ. ಗೂಗಲ್‌ನ ಫ್ಯಾಮಿಲಿ ಲಿಂಕ್, ಆ್ಯಪಲ್‌ನ ಸ್ಕ್ರೀನ್ ಟೈಮ್ ಇಂತಹ ಬೀಗಗಳು. ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂಬುದನ್ನು ಹೆತ್ತವರು ತಮ್ಮ ಫೋನಿನಿಂದಲೇ ನಿಗದಿ ಮಾಡಬಹುದು. ಸಾಧನಗಳು ಒಳ್ಳೆಯವೇ. ಆದರೆ ಬೀಗ ಹಾಕಿಯಾಯಿತೆಂದು ನಿಶ್ಚಿಂತರಾಗುವಂತಿಲ್ಲ.

ಮಕ್ಕಳು ಅದನ್ನು ತೆರೆಯುವ ದಾರಿಗಳು ಬಹಳ ಸರಳ. ತಾಯಿ ಪಿನ್ ಒತ್ತುವಾಗ ಬೆರಳನ್ನು ಗಮನಿಸುತ್ತಾರೆ. ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನಿನಲ್ಲಿ ಹೊಸ ಖಾತೆ ತೆರೆಯುತ್ತಾರೆ. ಮನೆಯ ವೈಫೈಗೆ ತಡೆ ಹಾಕಿದರೆ ಗೆಳೆಯನ ಹಾಟ್‌ಸ್ಪಾಟ್ ಹಿಡಿಯುತ್ತಾರೆ. ವೈಫೈಯ ತಡೆ ಅಲ್ಲಿ ನಡೆಯದು. ಆಟದ ಆ್ಯಪಿನೊಳಗೂ ಅಪರಿಚಿತರೊಂದಿಗೆ ಚಾಟ್ ಮಾಡಲು ಬರುತ್ತದೆ. ಎಲ್ಲವನ್ನೂ ಮುಚ್ಚಿದರೂ ಅಜ್ಜಿಯ ಫೋನ್ ಇದ್ದೇ ಇದೆ.

ಇದರಿಂದ ಸಮಯ ಹಾಳಾಗುತ್ತದೆ, ನಿಜ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕದ್ದು ನೋಡುವ ಹೊತ್ತಿನಲ್ಲಿ ಯಾರೋ ಫೋಟೋ ಪಡೆದು ಬೆದರಿಸಿದರೆ ಮಗು ನಮ್ಮ ಬಳಿ ಬರುವುದಿಲ್ಲ. 'ಫೋನ್ ಹೇಗೆ ತೆರೆದೆ?' ಎಂಬುದೇ ನಮ್ಮ ಮೊದಲ ಪ್ರಶ್ನೆಯೆಂದು ಅದಕ್ಕೆ ಗೊತ್ತು. ಬೆದರಿಸುವವನಿಗೆ ಬೇಕಾದುದೂ ಆ ಮೌನವೇ.

ಹಾಗಾದರೆ ಏನು ಮಾಡಬೇಕು? ರಮಝಾನ್ ತಿಂಗಳನ್ನು ನೆನೆಯಿರಿ. ಉಪವಾಸವಿರುವ 10 ವರ್ಷದ ಹುಡುಗ ಬಾಗಿಲು ಮುಚ್ಚಿ ವುಝೂ ಮಾಡುತ್ತಾನೆ. ಬಾಯಾರಿಕೆಯಾಗಿದೆ, ನೋಡುವವರು ಯಾರೂ ಇಲ್ಲ. ಆದರೂ ಬಾಯಿಗೆ ಹಾಕಿದ ನೀರನ್ನು ಉಗುಳುತ್ತಾನೆ. ಆ ನಲ್ಲಿಗೆ ನಾವು ಬೀಗ ಹಾಕಿರಲಿಲ್ಲ. ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವನ್ನು, ಮನೆಮಂದಿಯೆಲ್ಲ ಜೊತೆಯಾಗಿ ಉಪವಾಸವಿದ್ದು, ಅವನಿಗೆ ಕಲಿಸಿದ್ದೆವು. ಊಟದ ತಟ್ಟೆಯ ಪಕ್ಕ ರೀಲ್ಸ್ ನೋಡುತ್ತಾ ಮಗನಿಗೆ 'ಫೋನ್ ಇಡು' ಎನ್ನುವುದು, ತಾನು ಉಣ್ಣುತ್ತಾ ಮಗನಿಗೆ ಉಪವಾಸ ಹಿಡಿಸಿದಂತೆ.

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಮನೆಯೊಳಗಿನ ಖಾಸಗಿತನಕ್ಕೆ ಮೂರು ಹೊತ್ತುಗಳನ್ನು ಗುರುತಿಸಿದೆ: ಫಜ್ರ್‌ಗೆ ಮೊದಲು, ನಡುಮಧ್ಯಾಹ್ನ, ಇಶಾದ ನಂತರ. ಆಗ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕು. ಮನೆಗೆ ಹೊತ್ತಿನ ಶಿಸ್ತು ಬೇಕೆಂಬ ಪಾಠ ನಮಗೆ ಇದರಲ್ಲಿದೆ. ಇಶಾದ ಬಳಿಕ ಎಲ್ಲರ ಫೋನ್‌ಗಳೂ, ನಮ್ಮದೂ ಸೇರಿ, ಹಜಾರದ ಒಂದೇ ಕಡೆ ಚಾರ್ಜಿಗಿರಲಿ. ಬೀಗ ಹಾಕುವಾಗ ಕಾರಣ ಹೇಳಿ ಹಾಕಿ, ವಯಸ್ಸಿಗೆ ತಕ್ಕಂತೆ ಸಡಿಲಿಸಿ. ಮಗು ಅದನ್ನು ಮುರಿದದ್ದು ತಿಳಿದರೆ ಹೊಡೆಯಬೇಡಿ. ಏನು ನೋಡಬೇಕಿತ್ತೆಂದು ಕೂರಿಸಿಕೊಂಡು ಕೇಳಿ. 'ಏನೇ ಆದರೂ ಮೊದಲು ನನಗೆ ಹೇಳು, ಬೈಯುವುದಿಲ್ಲ' ಎಂದು ಇಂದೇ ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಯಾರಾದರೂ ಬೆದರಿಸುತ್ತಿದ್ದರೆ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾರೂ ನೋಡದಿರುವಾಗಲೂ ಅಲ್ಲಾಹನ ಭಯವಿರುವ, ಕಷ್ಟ ಬಂದಾಗ ಹೆತ್ತವರ ಭಯವಿಲ್ಲದ ಮಕ್ಕಳನ್ನಾಗಿ ಬೆಳೆಸಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.