ಎಂಬತ್ತು ರೂಪಾಯಿಯ ಸಾಲ

ಚೈತ್ರ ವೈಶಾಖಗಳ ಬಿಸಿಲು ಬಲಿತೊಡನೆ ಕನ್ನಡ ನಾಡಿನ ಮನೆಗಳಲ್ಲಿ ಮಣೆ ಲಟ್ಟಣಿಗೆಗಳು ಅಟ್ಟದಿಂದ ಕೆಳಗಿಳಿಯುವುದು ಹಳೆಯ ವಾಡಿಕೆ. ನೆರೆಹೊರೆಯ ಹೆಂಗಸರು ಕಲೆತು ಹಪ್ಪಳ ಲಟ್ಟಿಸುವರು; ಮಾಳಿಗೆಯ ಮೇಲೆ ಕಾಗೆ ಕಾಯುವ ಅಧಿಕಾರ ಮಕ್ಕಳದು. ಈ ದುಡಿಮೆಗೆ ಕೂಲಿ ಎಷ್ಟೆಂದು ಕೇಳಿದವರು ವಿರಳ. ಆ ಲೆಕ್ಕ ಹಾಕಿ ನೋಡಿದವರು ಮುಂಬಯಿಯ ಗಿರಗಾಂವಿನ ಏಳು ಮಂದಿ ಗುಜರಾತಿ ಗೃಹಿಣಿಯರು.

ಅವರಿಗೆ ಹೆಚ್ಚಿನ ಓದಿರಲಿಲ್ಲ. ಮನೆಯ ವರಮಾನ ಸಾಲುತ್ತಿರಲಿಲ್ಲ. ಕೈಯಲ್ಲಿದ್ದ ವಿದ್ಯೆ ಅಡುಗೆಯದು, ಇಲ್ಲದ್ದು ಬಂಡವಾಳ. ಅದನ್ನು ಒದಗಿಸಿದವರು ಛಗನ್‌ಲಾಲ್ ಕರಮ್‌ಸೀ ಪಾರೇಖ್. ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಂಘದ ಸದಸ್ಯರಾಗಿದ್ದ ಇವರನ್ನು ಜನರು ಛಗನ್‌ಬಾಪಾ ಎಂದೇ ಕರೆಯುತ್ತಿದ್ದರು. ಅವರು ಕೊಟ್ಟದ್ದು 80 ರೂಪಾಯಿ, ಅದೂ ಸಾಲವಾಗಿ. 1959ರ ಮಾರ್ಚ್ 15ರಂದು ಲೋಹಾಣಾ ನಿವಾಸವೆಂಬ ಕಟ್ಟಡದ ಮಾಳಿಗೆಯ ಮೇಲೆ ಕೆಲಸ ಆರಂಭವಾಯಿತು. ಮೊದಲ ದಿನ ಸಿದ್ಧವಾದುದು ಕೇವಲ ನಾಲ್ಕು ಕಟ್ಟು ಹಪ್ಪಳ.

ನಷ್ಟವಾದರೂ ಯಾರ ಮುಂದೆಯೂ ದೇಣಿಗೆಗೆ ಕೈಯೊಡ್ಡಬಾರದೆಂದು ಆ ಮಹಿಳೆಯರು ಆರಂಭದಲ್ಲೇ ನಿಶ್ಚಯಿಸಿದರು. ದಾನಶೂರರಿಗೆ ಇದು ಕೊಂಚ ಒರಟಾಗಿ ಕೇಳಿಸೀತು! ಆದರೆ ಛಗನ್‌ಬಾಪಾರ ಔದಾರ್ಯ ಹಣದಲ್ಲಿದ್ದುದಕ್ಕಿಂತ ಹೆಚ್ಚಾಗಿ ಅವರ ಹಟದಲ್ಲಿತ್ತು. ಮೊದಲು ಎರಡು ದರ್ಜೆಯ ಹಪ್ಪಳ ತಯಾರಾಗುತ್ತಿತ್ತು. ಅಗ್ಗದ್ದನ್ನು ಕೈಬಿಟ್ಟು ಉತ್ತಮವಾದುದೊಂದನ್ನೇ ಮಾಡಿರೆಂದು ಅವರು ತಿದ್ದಿದರು. ಲೆಕ್ಕಪತ್ರವನ್ನು ಚೊಕ್ಕಟವಾಗಿಡುವ ಶಿಸ್ತನ್ನೂ ಅವರೇ ಕಲಿಸಿದರು. ನೊಂದವರಿಗೆ ಹಳೆಯ ಸೀರೆ ಹಂಚಿ ಕೃತಾರ್ಥರಾಗುವ ಉಪಕಾರಿಗಳಿಗೆ ಇಷ್ಟು ತಾಳ್ಮೆ ಇರುವುದು ಅಪರೂಪ.

ಮೊದಲ ಮಳೆಗಾಲವೇ ದೊಡ್ಡ ಪರೀಕ್ಷೆಯಾಯಿತು. ಬಿಸಿಲಿಲ್ಲದೆ ಹಪ್ಪಳ ಒಣಗದು. ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ! ಯಾವ ಯಂತ್ರಶಾಸ್ತ್ರಜ್ಞನೂ ಈ ಉಪಾಯವನ್ನು ಹೇಳಿಕೊಡಲಿಲ್ಲ.

1962ರಲ್ಲಿ ಹಪ್ಪಳಕ್ಕೆ 'ಲಿಜ್ಜತ್' ಎಂಬ ಹೆಸರಾಯಿತು. ರುಚಿಯೆಂದು ಅದರ ಅರ್ಥ. 1966ರಲ್ಲಿ ಸಂಸ್ಥೆ ನೋಂದಣಿಯಾಗಿ ಖಾದಿ ಗ್ರಾಮೋದ್ಯೋಗ ಆಯೋಗದ ಮನ್ನಣೆ ಪಡೆಯಿತು. ಸರ್ಕಾರದ ನೆರವು ದೊರೆತದ್ದು ಆಮೇಲೆ. ಆ ವೇಳೆಗೆ ಸಂಸ್ಥೆ ತನ್ನ ಕಾಲ ಮೇಲೆ ನಿಂತಿತ್ತು.

ಕೆಲಸದ ಕ್ರಮ ಸರಳವಾದುದು. ಮುಂಜಾನೆ ಶಾಖೆಯಲ್ಲಿ ಉದ್ದಿನ ಹಿಟ್ಟು ಕಲಸಿ ಸಿದ್ಧವಾಗಿರುತ್ತದೆ. ಸದಸ್ಯೆಯರು ತಮ್ಮ ಪಾಲಿನ ಹಿಟ್ಟನ್ನು ಮನೆಗೆ ಒಯ್ದು, ಮಕ್ಕಳು ಮರಿಗಳ ಯೋಗಕ್ಷೇಮದ ನಡುವೆ ಲಟ್ಟಿಸಿ ಒಣಗಿಸುತ್ತಾರೆ. ಮರುದಿನ ತಂದೊಪ್ಪಿಸಿ ಮಜೂರಿ ಪಡೆಯುತ್ತಾರೆ. ಸಂಸ್ಥೆಯಲ್ಲಿ ಸದಸ್ಯತ್ವ ಹೆಂಗಸರಿಗೆ ಮಾತ್ರ. ಒಬ್ಬೊಬ್ಬರೂ ಒಡತಿ, ಲಾಭದಲ್ಲಿಯೂ ನಷ್ಟದಲ್ಲಿಯೂ ಪಾಲುದಾರಳು. ಲಟ್ಟಣಿಗೆಯ ಸಂಪಾದನೆಯಿಂದ ಸಿರಿವಂತರಾದವರಿಲ್ಲ. ಮನೆಯೊಳಗಿನ ಕೆಲಸ ಹೆಣ್ಣನ್ನು ಮನೆಯೊಳಗೇ ಇರಿಸುತ್ತದೆಂಬ ಆಕ್ಷೇಪವೂ ಹುಸಿಯಲ್ಲ. ಆದರೂ ಗಂಡನ ಕೆಲಸ ಹೋದ ತಿಂಗಳಲ್ಲಿ ದಿನಸಿ ಅಂಗಡಿಯವನ ಮುಂದೆ ತಲೆ ತಗ್ಗಿಸದೆ ನಿಲ್ಲಬಲ್ಲ ಗೃಹಿಣಿಗೆ ಈ ಚರ್ಚೆ ಎರಡನೆಯ ಮಾತು.

ಏಳು ಮಂದಿಯ ಕೂಟ ಇಂದು 40,000ಕ್ಕೂ ಮಿಕ್ಕ ಸದಸ್ಯೆಯರ ಸಂಸ್ಥೆಯಾಗಿದೆ. ಸ್ಥಾಪಕರಲ್ಲೊಬ್ಬರಾದ ಜಸವಂತೀಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಸದಸ್ಯೆಯರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಂಸ್ಥೆ ವಿದ್ಯಾರ್ಥಿವೇತನ ಏರ್ಪಡಿಸಿದೆ. ಅದಕ್ಕೆ ಅವರು ಇಟ್ಟ ಹೆಸರು ಛಗನ್‌ಬಾಪಾರದು.